ಕಡಲ್ಗಳ್ಳರು ಬಂದರೆ ಯಾರನ್ನು ನೆಚ್ಚಬೇಕು? ಕಾನೂನು, ನೌಕಾಪಡೆ, ಬಾಡಿಗೆ ಬಂದೂಕು

2025ರ ನವೆಂಬರ್ ಮೊದಲ ವಾರ. ಸೊಮಾಲಿಯಾದಿಂದ ದೂರದ ನಡುಗಡಲಲ್ಲಿ ಕಡಲ್ಗಳ್ಳರು ಎರಡು ಟ್ಯಾಂಕರ್‌ಗಳ ಬೆನ್ನು ಬಿದ್ದರು. ಮೊದಲನೆಯದು 'ಸ್ಟೋಲ್ಟ್ ಸಾಗಾಲ್ಯಾಂಡ್'. ಅದರಲ್ಲಿ ಬಂದೂಕು ಹಿಡಿದ ಖಾಸಗಿ ಕಾವಲುಗಾರರಿದ್ದರು. ಎರಡೂ ಕಡೆಯಿಂದ ಗುಂಡು ಹಾರಿತು. ಕಳ್ಳರು ವಾಪಸ್ ಹೋದರು. ಮೂರು ದಿನ ಬಿಟ್ಟು 'ಹೆಲ್ಲಾಸ್ ಆಫ್ರೊಡೈಟ್' ಸಿಕ್ಕಿತು. ಗುಜರಾತಿನ ಸಿಕ್ಕಾದಿಂದ ಪೆಟ್ರೋಲ್ ತುಂಬಿಕೊಂಡು ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೊರಟಿದ್ದ ಹಡಗು ಅದು. ಕಾವಲುಗಾರರು ಇರಲಿಲ್ಲ. ಕಳ್ಳರು ಹತ್ತಿಯೇ ಬಿಟ್ಟರು. ಒಳಗಿದ್ದ 24 ಮಂದಿ ಭದ್ರ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಮರುದಿನ ಸ್ಪೇನಿನ ಯುದ್ಧನೌಕೆ 'ವಿಕ್ಟೋರಿಯಾ' ಬರುವ ಹೊತ್ತಿಗೆ ಕಳ್ಳರು ಜಾಗ ಖಾಲಿ ಮಾಡಿದ್ದರು. 24 ಮಂದಿಯೂ ಸುರಕ್ಷಿತವಾಗಿ ಹೊರಬಂದರು.

ಇಷ್ಟು ಓದಿದ ಮೇಲೆ 'ಬಂದೂಕು ಇದ್ದರೆ ಸಾಕು, ಅಲ್ವಾ?' ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಲೆಕ್ಕ ಅಷ್ಟು ಸಲೀಸಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆ 'ಅವನು ಶಿಪ್ಪಿನಲ್ಲಿದ್ದಾನೆ' ಅನ್ನುವ ಮಾತು ಕೇಳದ ಬೀದಿ ಕಡಿಮೆ. ಈ ಬರಹ ಅಂಥ ಹುಡುಗರಿಗೆ ಮತ್ತು ಅವರ ಮನೆಯವರಿಗೆ. ಕಂಪನಿಯವರು 'ಎಲ್ಲಾ ಸೆಕ್ಯುರಿಟಿ ಇದೆ, ಹೆದರಬೇಡಿ' ಅಂತಾರೆ. ಯಾವ ಸೆಕ್ಯುರಿಟಿ? ಸಮುದ್ರದ ಕಳ್ಳತನ ತಡೆಯಲು ಮುಖ್ಯವಾಗಿ ಮೂರು ದಾರಿ ಇವೆ. ಖಾಸಗಿ ಕಾವಲು, ದೇಶಗಳ ನೌಕಾಪಡೆ, ಕಾನೂನು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಅಳೆಯುವ ಕೋಲು ಮಾತ್ರ ಒಂದೇ ಇಟ್ಟುಕೊಂಡಿದ್ದೇನೆ. ಹೊತ್ತು. ಕಳ್ಳರ ಸಣ್ಣ ವೇಗದ ದೋಣಿ, ಅಂದರೆ ಸ್ಕಿಫ್, ಕಣ್ಣಿಗೆ ಬಿದ್ದಲ್ಲಿಂದ ಹಡಗಿನ ಅಂಚಿಗೆ ಏಣಿ ಸಿಗಿಸುವವರೆಗೆ ಅರ್ಧ ಗಂಟೆಯೂ ಇರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ, ಮರುದಿನ ಯಾರು ಬರುತ್ತಾರೆ, ಹಿಡಿದವರನ್ನು ವರ್ಷಗಟ್ಟಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತಾ ಹೋಗಬೇಕು.

ಬಂದೂಕಿಗಿಂತ ಮೊದಲು ತಂತಿ ಮತ್ತು ಬಾಗಿಲು

ಮೂರು ದಾರಿ ಅಂದೆ. ಅದಕ್ಕೂ ಮೊದಲು ಎಲ್ಲ ಹಡಗಿನಲ್ಲೂ ಇರಲೇಬೇಕಾದ್ದು ಒಂದಿದೆ. ಹಡಗು ಕಂಪನಿಗಳ ಸಂಘಟನೆಗಳು ಸೇರಿ ಬರೆದ 'ಬಿಎಂಪಿ' ಅನ್ನುವ ಕೈಪಿಡಿ ಇದೆ. 2011ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂತು, 2018ರಲ್ಲಿ ಐದನೆಯದು, 2025ರಲ್ಲಿ ಮತ್ತೆ ಹೊಸದು. ಅದರಲ್ಲಿರುವುದು ಮನೆಗೆ ಬೇಲಿ ಹಾಕುವಂಥ ಮಾತುಗಳು. ಅಂಚಿನ ಸುತ್ತ ಮುಳ್ಳಿನ ತಂತಿ ಸುತ್ತಿ. ಬೆಂಕಿ ಆರಿಸುವ ಪೈಪುಗಳನ್ನು ಹೊರಮುಖವಾಗಿ ಕಟ್ಟಿ ನೀರು ಬಿಡಿ. ಕಣ್ಣಿಡಲು ಜನ ಜಾಸ್ತಿ ಹಾಕಿ. ಎಂಜಿನ್ ತಾಳುವಷ್ಟು ಜೋರಾಗಿ ಹೋಗಿ.

ವೇಗದ ಮಾತು ಸಣ್ಣದಲ್ಲ. 18 ನಾಟ್‌ಗಿಂತ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಜೋರಾಗಿ ಹೋಗುತ್ತಿದ್ದ ಹಡಗನ್ನು ಕಳ್ಳರು ಹತ್ತಿದ ಒಂದು ಉದಾಹರಣೆಯೂ ಅಲ್ಲಿಯವರೆಗೆ ವರದಿಯಾಗಿಲ್ಲ ಅಂತ 2011ರ ಕೈಪಿಡಿ ಹೇಳಿತ್ತು. ದೊಡ್ಡ ಕಂಟೇನರ್ ಹಡಗು ಆ ವೇಗದಲ್ಲಿ ಹೋಗಬಲ್ಲದು, ಅದರ ಅಂಚೂ ಎತ್ತರ. ತುಂಬಿದ ಟ್ಯಾಂಕರ್, ಕಬ್ಬಿಣದ ಅದಿರಿನ ಹಡಗು 12-13 ನಾಟ್‌ನಲ್ಲಿ ತೆವಳುತ್ತವೆ, ನೀರಿಗೆ ತಾಗಿಕೊಂಡೇ ಇರುತ್ತವೆ. ಹಾಗಾಗಿ 'ನಮ್ಮ ಹಡಗಿಗೆ ಎಷ್ಟು ಅಪಾಯ' ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಹಡಗಿನ ಜಾತಿಯಲ್ಲೇ ಇದೆ.

ಇನ್ನೊಂದು ಭದ್ರ ಕೋಣೆ. ಶಿಪ್ಪಿನವರು ಇದನ್ನು ಸಿಟಾಡೆಲ್ ಅಂತಾರೆ. ಅಲ್ಲಿಂದ ಎಂಜಿನ್ ನಿಲ್ಲಿಸಲು ಆಗಬೇಕು, ಹೊರಗಿನವರ ಜೊತೆ ಮಾತಾಡಲು ಫೋನ್ ಇರಬೇಕು, ಅನ್ನ-ನೀರು ಇರಬೇಕು. ಎಲ್ಲಕ್ಕಿಂತ ಮುಖ್ಯ, ಕೊನೆಯ ಮನುಷ್ಯನವರೆಗೆ ಎಲ್ಲರೂ ಒಳಗಿರಬೇಕು. ಒಬ್ಬ ಅಡುಗೆಯವ ಹೊರಗೆ ಸಿಕ್ಕಿಬಿದ್ದರೂ ಕಮಾಂಡೊಗಳು ನುಗ್ಗುವುದಿಲ್ಲ. ಒಬ್ಬ ಒತ್ತೆಯಾಳು ಸಿಕ್ಕರೆ ಕಳ್ಳರಿಗೆ ಇಡೀ ಹಡಗು ಸಿಕ್ಕಂತೆ. 2024ರ ಜನವರಿಯಲ್ಲಿ 'ಲೀಲಾ ನಾರ್ಫೋಕ್' ಹಡಗಿನ 21 ಮಂದಿ, ಅವರಲ್ಲಿ 15 ಜನ ಭಾರತೀಯರು, ಹೀಗೇ ಒಟ್ಟಿಗೆ ಒಳಗೆ ಕೂತಿದ್ದರು. ಐಎನ್ಎಸ್ ಚೆನ್ನೈ ಬಂದು ಎಲ್ಲರನ್ನೂ ಬಿಡಿಸಿತು. ಆ ಕೋಣೆ ಇರದಿದ್ದರೆ ಚೆನ್ನೈ ಬಂದೂ ಸುತ್ತ ತಿರುಗಬೇಕಾಗಿತ್ತು.

ನನ್ನ ಮಟ್ಟಿಗೆ ಖರ್ಚಿಗೆ ತಕ್ಕ ಫಲ ಜಾಸ್ತಿ ಕೊಡುವುದು ಇದೇ. ಆದರೆ ಜಾಹೀರಾತಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಬಾಡಿಗೆ ಬಂದೂಕು

ಹೆಚ್ಚಾಗಿ ನಾಲ್ಕು ಜನರ ತಂಡ. ಸೈನ್ಯದಿಂದ ನಿವೃತ್ತರಾದವರೇ ಜಾಸ್ತಿ. ಅಪಾಯದ ವಲಯ ಶುರುವಾಗುವಲ್ಲಿ ಹತ್ತುತ್ತಾರೆ, ಮುಗಿಯುವಲ್ಲಿ ಇಳಿಯುತ್ತಾರೆ. ಒಂದು ಸಲಕ್ಕೆ ಹತ್ತಾರು ಸಾವಿರ ಡಾಲರ್ ಬೀಳುತ್ತದೆ. ಒತ್ತೆಹಣದ ಮುಂದೆ ಅದು ಚಿಲ್ಲರೆ. 2010ರಲ್ಲಿ ಕೊರಿಯಾದ 'ಸಾಮ್ಹೊ ಡ್ರೀಮ್' ಟ್ಯಾಂಕರ್ ಬಿಡಿಸಲು 95 ಲಕ್ಷ ಡಾಲರ್ ಕೊಟ್ಟರು ಅಂತ ವರದಿಯಾಗಿತ್ತು.

ಫಲದ ವಿಷಯಕ್ಕೆ ಬಂದರೆ ಇವರ ದಾಖಲೆಯನ್ನು ಮೀರಿಸುವವರಿಲ್ಲ. ಸೊಮಾಲಿ ಕಳ್ಳರ ಕಾಟ ಜೋರಾಗಿದ್ದ ವರ್ಷಗಳಲ್ಲಿ ಬಂದೂಕಿನ ಕಾವಲು ಇದ್ದ ಒಂದು ಹಡಗೂ ಅಪಹರಣವಾಗಲಿಲ್ಲ ಅಂತ ಶಿಪ್ಪಿಂಗ್ ವಲಯ ಎದೆ ತಟ್ಟಿ ಹೇಳುತ್ತಿತ್ತು. ಕಾರಣ ಸರಳ. ಕಳ್ಳನಿಗೂ ಜೀವ ಬೇಕು. ಒಂದು ಹಡಗಿನಲ್ಲಿ ಬಂದೂಕು ಕಂಡರೆ ಅವನು ಮುಂದಿನ ಹಡಗು ಹುಡುಕುತ್ತಾನೆ. ಇದರಲ್ಲೇ ಒಂದು ಕಹಿಯೂ ಇದೆ. ನಿಮ್ಮ ಕಾವಲು ಕಳ್ಳನನ್ನು ಇಲ್ಲವಾಗಿಸುವುದಿಲ್ಲ, ಪಕ್ಕದ ಮನೆಗೆ ಕಳಿಸುತ್ತದೆ. ಪಕ್ಕದ ಮನೆ ಅಂದರೆ ಹೆಚ್ಚಾಗಿ ಬಡವರ ಮನೆ. 2017ರ ಏಪ್ರಿಲಿನಲ್ಲಿ 11 ಭಾರತೀಯರಿದ್ದ 'ಅಲ್ ಕೌಸರ್' ಅನ್ನುವ ಮರದ ಸರಕು ಹಡಗು, ನಮ್ಮ ಮಂಗಳೂರಿನ ಭಾಷೆಯಲ್ಲಿ ಮಂಜಿ, ಕಳ್ಳರ ಕೈಗೆ ಸಿಕ್ಕಿತು. ಮಂಜಿಯವರು ನಾಲ್ಕು ಜನ ಬಂದೂಕಿನವರನ್ನು ಎಲ್ಲಿಂದ ತರುತ್ತಾರೆ?

ಬಾಡಿಗೆ ಬಂದೂಕು ಕಡಲಿಗೆ ಹೊಸದೇನಲ್ಲ. 500 ವರ್ಷಗಳ ಹಿಂದೆ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, ಇದೇ ಕೆಲಸದಲ್ಲಿದ್ದ. ಅವನ ದೋಣಿಗಳ ಕೈಗೆ ಸಿಕ್ಕಿದವರಿಗೆ ಅವನು ಕಳ್ಳ. ವಿಜಯನಗರಕ್ಕೆ ಬೇಕಾದವನು. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ದಂಡನಾಯಕ ಆಲ್ಬುಕರ್ಕ್‌ಗೆ ಜೊತೆಯಾದವನೂ ಅವನೇ. ಕಳ್ಳನೋ ಕಾವಲುಗಾರನೋ ಅನ್ನುವುದು ಆಗ ಯಾರ ದೋಣಿಯಲ್ಲಿ ಕೂತು ನೋಡುತ್ತೀರಿ ಅನ್ನುವುದರ ಮೇಲಿತ್ತು. ಈಗ ಅದನ್ನು ಕಾಗದಪತ್ರ ತೀರ್ಮಾನಿಸುತ್ತದೆ. ಆ ಕಾಗದಪತ್ರದಲ್ಲೇ ಎಡವಟ್ಟು.

ಎರಡು ಕೇಸುಗಳನ್ನು ಜೊತೆಗಿಟ್ಟು ನೋಡಿ. ಎರಡೂ ನಮ್ಮ ದಕ್ಷಿಣದ ಕಡಲಲ್ಲೇ ಆದದ್ದು.

2012ರ ಫೆಬ್ರವರಿ 15. ಕೇರಳದ ಆಚೆ, ತೀರದಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ, ಇಟಲಿಯ ಟ್ಯಾಂಕರ್ 'ಎನ್ರಿಕಾ ಲೆಕ್ಸಿ'ಯ ಮೇಲಿದ್ದ ಇಬ್ಬರು ಇಟಲಿ ನೌಕಾ ಯೋಧರು 'ಸೇಂಟ್ ಆಂಟನಿ' ಅನ್ನುವ ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಕಳ್ಳರು ಅಂದುಕೊಂಡೆವು ಅಂದರು ಯೋಧರು. ಎಂಟು ವರ್ಷ ಜಗ್ಗಾಟ ನಡೆಯಿತು. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಅವರು ಇಟಲಿ ಸರ್ಕಾರದ ಯೋಧರು, ಹಾಗಾಗಿ ಭಾರತ ವಿಚಾರಣೆ ನಡೆಸುವಂತಿಲ್ಲ, ಪರಿಹಾರ ಮಾತ್ರ ಕೇಳಬಹುದು ಅಂದಿತು. 10 ಕೋಟಿ ರೂಪಾಯಿ ಬಂತು. 2021ರಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು.

2013ರ ಅಕ್ಟೋಬರ್. ತೂತುಕುಡಿಯ ಹತ್ತಿರ 'ಸೀಮನ್ ಗಾರ್ಡ್ ಓಹಿಯೊ' ಅನ್ನುವ ಹಡಗನ್ನು ನಮ್ಮ ಕೋಸ್ಟ್ ಗಾರ್ಡ್ ಹಿಡಿಯಿತು. ಖಾಸಗಿ ಕಾವಲು ಕಂಪನಿಯ ಹಡಗು. ಒಳಗೆ ಸಿಬ್ಬಂದಿ, ಕಾವಲುಗಾರರು ಸೇರಿ 35 ಜನ, ಜೊತೆಗೆ ಬಂದೂಕು. ಬ್ರಿಟನ್, ಎಸ್ಟೋನಿಯಾ, ಉಕ್ರೇನ್, ಭಾರತದವರು. ಇವರು ಯಾರ ಮೇಲೂ ಗುಂಡು ಹಾರಿಸಿರಲಿಲ್ಲ. ಅನುಮತಿ ಇಲ್ಲದೆ ಭಾರತದ ನೀರಿನೊಳಗೆ ಬಂದೂಕು ತಂದರು ಅನ್ನುವುದು ಆರೋಪ. 2016ರ ಜನವರಿಯಲ್ಲಿ 5 ವರ್ಷ ಶಿಕ್ಷೆ ಆಯಿತು. 2017ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಬಿಟ್ಟು ಕಳಿಸಿತು.

ಇಬ್ಬರನ್ನು ಕೊಂದ ಸರ್ಕಾರಿ ಯೋಧರಿಗೆ ಇಲ್ಲಿ ವಿಚಾರಣೆಯೇ ಇಲ್ಲ. ಒಂದು ಗುಂಡೂ ಹಾರಿಸದ ಖಾಸಗಿಯವರಿಗೆ ನಾಲ್ಕು ವರ್ಷದ ಅಲೆದಾಟ. ಯಾರು ಸರಿ ಅಂತ ನಾನು ಹೇಳುತ್ತಿಲ್ಲ. ಹಡಗಿನಲ್ಲಿ ಬಂದೂಕು ಹಿಡಿದವನು ಯಾರು ಅನ್ನುವುದರ ಮೇಲೆ ಕಾನೂನು ಪೂರಾ ಬದಲಾಗುತ್ತದೆ. ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶ ಮೊದಲು ಒಪ್ಪಬೇಕು. ಹೋಗುವ ಬಂದರಿನ ದೇಶವೂ ಒಪ್ಪಬೇಕು. ಭಾರತ ತನ್ನ ಹಡಗುಗಳಿಗೆ ಬಂದೂಕಿನ ಕಾವಲು ಒಪ್ಪಿದ್ದು 2011ರಲ್ಲಿ. ಬಂದರಿನಲ್ಲಿ ಬಂದೂಕು ಇಳಿಸುವ ರಗಳೆ ಬೇಡ ಅಂತ ಕೆಲವು ಕಂಪನಿಗಳು ನಡುಗಡಲಲ್ಲೇ ತೇಲುವ ಶಸ್ತ್ರಾಗಾರ ಇಟ್ಟುಕೊಂಡವು.

ಮೀನುಗಾರರ ಪಾಲಿಗೆ ಇದರ ಇನ್ನೊಂದು ಮುಖ ಇದೆ. 2010ರಲ್ಲಿ ಕಡಲ್ಗಳ್ಳರ 'ಅಪಾಯದ ವಲಯ'ದ ಗೆರೆಯನ್ನು 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಎಳೆದರು. ಅಂದರೆ ಭಾರತದ ಪಶ್ಚಿಮ ಕರಾವಳಿ ಪೂರ್ತಿ ಅದರೊಳಗೆ. ಮಲ್ಪೆ, ಮಂಗಳೂರಿನ ಆಳಸಮುದ್ರ ದೋಣಿಗಳು ಬಲೆ ಬಿಟ್ಟುಕೊಂಡು ಹೋಗುವ ನೀರಲ್ಲೇ ಬಂದೂಕು ಹೊತ್ತ ಹಡಗುಗಳು ಓಡಾಡತೊಡಗಿದವು. ಬಲೆ ಕಡಿದುಹೋಗದಿರಲಿ ಅಂತ ಮೀನುಗಾರ ತನ್ನ ದೋಣಿಯನ್ನು ದೊಡ್ಡ ಹಡಗಿನ ಎದುರಿಗೇ ಓಡಿಸುತ್ತಾನೆ, ಕೈ ಬೀಸುತ್ತಾನೆ. ಮೇಲಿನಿಂದ ನೋಡುವ ಹೆದರಿದ ಕಣ್ಣಿಗೆ ಅದು ದಾಳಿ. 2015ರ ಡಿಸೆಂಬರಿನಲ್ಲಿ ಗೆರೆ 65 ಡಿಗ್ರಿಗೆ ಹಿಂದೆ ಸರಿಯಿತು. 2023ರ ಜನವರಿ 1ಕ್ಕೆ ಆ ವಲಯವನ್ನೇ ತೆಗೆದುಹಾಕಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸೊಮಾಲಿಗಳು ಮತ್ತೆ ಹಡಗು ಹಿಡಿದರು. ಇರಲಿ.

ಕಾವಲುಗಾರರನ್ನು ಆರಿಸುವುದು ಸಿಬ್ಬಂದಿಯ ಕೈಯಲ್ಲಿಲ್ಲ, ಕಂಪನಿಯ ಕೈಯಲ್ಲಿದೆ. ಆದರೂ ಕೇಳಬೇಕಾದ್ದು ಇದೆ. ತಂಡಕ್ಕೆ ಐಎಸ್ಒ 28007, ಅಂದರೆ ಹಡಗಿನ ಖಾಸಗಿ ಕಾವಲು ಕಂಪನಿಗಳಿಗಿರುವ ಪ್ರಮಾಣಪತ್ರ, ಇದೆಯೇ? ಒಪ್ಪಂದ 'ಗಾರ್ಡ್‌ಕಾನ್' ಅನ್ನುವ, ಕಾವಲಿಗೆಂದೇ ಮಾಡಿದ ನಮೂನೆಯದೇ? ಅಗ್ಗಕ್ಕೆ ಸಿಕ್ಕಿದರು ಅಂತ ಇಬ್ಬರನ್ನು ಹತ್ತಿಸಿದ್ದಾರೆಯೇ? ಇಬ್ಬರು ಸರದಿಯಲ್ಲಿ ನಿದ್ದೆ ಮಾಡಿದರೆ ಬ್ರಿಡ್ಜ್, ಅಂದರೆ ಹಡಗು ನಡೆಸುವ ಕೋಣೆಯ, ಮೇಲೆ ಒಬ್ಬನೇ. ಅದು ಕಾವಲಲ್ಲ, ಸುಮ್ನೆ ತೋರಿಕೆ.

ನೌಕಾಪಡೆ

2008ರ ಸೆಪ್ಟೆಂಬರಿನಲ್ಲಿ 'ಸ್ಟೋಲ್ಟ್ ವೇಲರ್' ಹಡಗು 18 ಭಾರತೀಯರ ಸಮೇತ ಅಪಹರಣವಾಯಿತು. ಮನೆಯವರು ದೆಹಲಿಯ ಬಾಗಿಲು ಬಡಿದರು, ಟೀವಿಗಳಲ್ಲಿ ಅತ್ತರು. ಅಕ್ಟೋಬರಿನಲ್ಲಿ ಭಾರತ ಏಡನ್ ಕೊಲ್ಲಿಗೆ ಯುದ್ಧನೌಕೆ ಕಳಿಸಿತು. ಅಂದಿನಿಂದ ಒಂದಲ್ಲ ಒಂದು ನೌಕೆ ಅಲ್ಲಿದೆ. 3 ಸಾವಿರಕ್ಕೂ ಜಾಸ್ತಿ ವ್ಯಾಪಾರಿ ಹಡಗುಗಳನ್ನು ಕಾವಲು ಕೊಟ್ಟು ದಾಟಿಸಿದೆ. ಅದೇ ಡಿಸೆಂಬರಿನಲ್ಲಿ ಯುರೋಪಿನ 'ಅಟಲಾಂಟಾ' ಪಡೆ ಬಂತು. ಆಮೇಲೆ ಅಮೆರಿಕ ಮುಂದಾಳಾಗಿ 'ಸಿಟಿಎಫ್ 151', ನೇಟೊದ 'ಓಷನ್ ಶೀಲ್ಡ್'. ಚೀನಾ, ಜಪಾನ್, ರಷ್ಯಾ ಕೂಡ. ಬೇರೆ ಯಾವ ವಿಷಯಕ್ಕೂ ಒಂದೇ ಕಡೆ ನಿಲ್ಲದವರು ಇಲ್ಲಿ ಸಾಲಾಗಿ ನಿಂತರು.

ನೌಕಾಪಡೆಯ ಬಲಕ್ಕೆ ಸಾಟಿ ಇಲ್ಲ. 2024ರ ಮಾರ್ಚಿನ 'ರುಯೆನ್' ಕಾರ್ಯಾಚರಣೆ ನೋಡಿ. ಮಾಲ್ಟಾ ಬಾವುಟದ ಈ ಹಡಗನ್ನು 2023ರ ಡಿಸೆಂಬರಿನಲ್ಲಿ ಕಳ್ಳರು ಹಿಡಿದು, ಮೂರು ತಿಂಗಳ ಮೇಲೆ ಅದನ್ನೇ ತಾಯಿ ಹಡಗಾಗಿ, ಅಂದರೆ ನಡುಗಡಲಲ್ಲಿ ಸ್ಕಿಫ್ ಇಳಿಸುವ ನೆಲೆಯಾಗಿ, ಮಾಡಿಕೊಂಡು ಬೇಟೆಗೆ ಹೊರಟಿದ್ದರು. ಐಎನ್ಎಸ್ ಕೋಲ್ಕತ ಅಡ್ಡ ಹಾಕಿತು. ಕಳ್ಳರು ನೌಕೆಯ ಡ್ರೋನ್ ಹೊಡೆದು ಬೀಳಿಸಿದರು. ನೌಕೆ 'ರುಯೆನ್'ನ ಚುಕ್ಕಾಣಿ ಕೆಡಿಸಿ ನಿಲ್ಲಿಸಿತು. ಭಾರತದ ತೀರದಿಂದ 2600 ಕಿಲೋಮೀಟರ್ ದೂರಕ್ಕೆ ವಾಯುಪಡೆಯ ಸಿ-17 ಹಾರಿಹೋಗಿ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳನ್ನು ಕಡಲಿಗೆ ಇಳಿಸಿತು. 40 ಗಂಟೆ ಹಿಡಿಯಿತು. 35 ಕಳ್ಳರು ಶರಣಾದರು, 17 ಸಿಬ್ಬಂದಿ ಬದುಕಿ ಬಂದರು. ಯಾವ ಖಾಸಗಿ ಕಂಪನಿಯೂ ಇದನ್ನು ಮಾಡಲಾರದು.

ಆದರೆ ಆ 17 ಜನ ಅಷ್ಟೂ ದಿನ ಒತ್ತೆಯಾಗಿದ್ದರು ಅನ್ನುವುದನ್ನು ಮರೆಯಬೇಡಿ. ನೌಕಾಪಡೆಯ ಕೊರತೆ ಧೈರ್ಯದ್ದಲ್ಲ, ದೂರದ್ದು. ಏಡನ್ ಕೊಲ್ಲಿಯಲ್ಲಿ 490 ನಾಟಿಕಲ್ ಮೈಲಿ ಉದ್ದದ ಒಂದು ಓಣಿ ಗುರುತು ಮಾಡಿ, ಅದರಲ್ಲಿ ಹಡಗುಗಳನ್ನು ಗುಂಪಾಗಿ ದಾಟಿಸುತ್ತಾರೆ. ಆ ಓಣಿಯೊಳಗೆ ಇವರು ಚೆನ್ನಾಗಿಯೇ ಕಾಯುತ್ತಾರೆ. ಅಲ್ಲಿ ಬಿಗಿಯಾದ ಕೂಡಲೇ ಕಳ್ಳರು ತಾಯಿ ಹಡಗು ಹಿಡಿದು ನಡುಗಡಲಿಗೆ, ಲಕ್ಷದ್ವೀಪದ ಕಡೆಗೆ ಬಂದರು. 2023ರ ಕೊನೆಗೆ ಯೆಮನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಕ್ಷಿಪಣಿ ಬಿಡಲು ಶುರು ಮಾಡಿದಾಗ ಯುದ್ಧನೌಕೆಗಳೆಲ್ಲ ಅತ್ತ ಹೋದವು. ಇತ್ತ ಸೊಮಾಲಿಗಳು ದೋಣಿ ಇಳಿಸಿದರು. ಊರಿನ ಪೊಲೀಸರೆಲ್ಲ ಜಾತ್ರೆ ಬಂದೋಬಸ್ತಿಗೆ ಹೋದಾಗ ಬೀದಿಯಲ್ಲಿ ಏನಾಗುತ್ತದೋ ಅದೇ.

ತಪ್ಪೂ ಆಗುತ್ತದೆ, ಆದರೆ ದೊಡ್ಡದಾಗಿ ಆಗುತ್ತದೆ. 2008ರ ನವೆಂಬರಿನಲ್ಲಿ ನಮ್ಮದೇ ಐಎನ್ಎಸ್ ತಬಾರ್ ಒಂದು ತಾಯಿ ಹಡಗನ್ನು ಮುಳುಗಿಸಿತು ಅಂತ ದೇಶವೆಲ್ಲ ಚಪ್ಪಾಳೆ ಹೊಡೆಯಿತು. ಅದು 'ಏಕವತ್ ನಾವಾ 5' ಅನ್ನುವ ಥಾಯ್ ಮೀನು ಹಡಗು, ಕಳ್ಳರು ಅಪಹರಿಸಿದ್ದದ್ದು, ಒಳಗೆ ಅದರ ಕೆಲಸಗಾರರೂ ಇದ್ದರು ಅಂತ ಗೊತ್ತಾದದ್ದು ಆಮೇಲೆ. ಬದುಕಿ ಸಿಕ್ಕಿದ್ದು ದಿನಗಟ್ಟಲೆ ನೀರಲ್ಲಿ ತೇಲಿದ ಕಾಂಬೋಡಿಯಾದ ಒಬ್ಬನೇ. ಎದುರಿಂದ ರಾಕೆಟ್ ಹಿಡಿದು ಬೆದರಿಸಿದಾಗ ತಬಾರ್‌ನವರು ಏನು ಮಾಡಬೇಕಿತ್ತು ಅಂತ ಮನೆಯಲ್ಲಿ ಕೂತು ಹೇಳುವುದು ಸುಲಭ. ನಾನು ಹೇಳುವುದಿಲ್ಲ. ಆದರೆ ಒತ್ತೆಯಾಳು ಇರುವ ಹಡಗಿಗೆ ಫಿರಂಗಿ ಮದ್ದಲ್ಲ.

ಕಾನೂನು

ಹಿಡಿದಾಯಿತು. ಆಮೇಲೆ? ಇಲ್ಲಿ ಬಹಳ ಜನ ಬೇಸರದಿಂದ ಪುಟ ತಿರುಗಿಸುತ್ತಾರೆ. ನನಗೆ ಇದೇ ಜಾಸ್ತಿ ಹಿಡಿಸುವ ಭಾಗ.

ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ 1982ರದ್ದು. ಅದರ 101ನೆಯ ವಿಧಿ ಕಡಲ್ಗಳ್ಳತನ ಅಂದರೆ ಏನು ಅಂತ ಹೇಳುತ್ತದೆ. ಯಾವ ದೇಶದ್ದೂ ಅಲ್ಲದ ನೀರಿನಲ್ಲಿ ಆಗಿರಬೇಕು. ಒಂದು ಹಡಗಿನವರು ಇನ್ನೊಂದರ ಮೇಲೆ ಮಾಡಿರಬೇಕು. ಸ್ವಂತ ಲಾಭಕ್ಕೆ ಮಾಡಿರಬೇಕು. ಈ ಮೂರೂ ಕೂಡಿದರೆ 105ನೆಯ ವಿಧಿ ಬರುತ್ತದೆ. ಜಗತ್ತಿನ ಯಾವ ದೇಶ ಬೇಕಾದರೂ ಹಿಡಿಯಬಹುದು, ತನ್ನ ನ್ಯಾಯಾಲಯದಲ್ಲಿ ವಿಚಾರಿಸಬಹುದು. ಎಷ್ಟು ದೊಡ್ಡ ಅಧಿಕಾರ!

ಒಂದು ತಪ್ಪಿದರೂ ಲೆಕ್ಕ ಬೇರೆ. ತೀರದಿಂದ 12 ನಾಟಿಕಲ್ ಮೈಲಿಯೊಳಗೆ ಆದರೆ ಅದು ಆ ದೇಶದ ದರೋಡೆ ಕೇಸು, ಹೊರಗಿನವರು ಕೈ ಹಾಕುವಂತಿಲ್ಲ. ಮಲಕ್ಕಾ, ಸಿಂಗಾಪುರದ ಕಡೆಯ ಬಹಳಷ್ಟು ಪ್ರಕರಣ ಈ ಜಾತಿಯವು. 2023ರ ನವೆಂಬರಿನಲ್ಲಿ ಹೂತಿಗಳು ಹೆಲಿಕಾಪ್ಟರಿನಿಂದ ಇಳಿದು 'ಗ್ಯಾಲಕ್ಸಿ ಲೀಡರ್' ಹಿಡಿದು ಅದರ 25 ಮಂದಿಯನ್ನು 2025ರ ಜನವರಿವರೆಗೆ ಇಟ್ಟುಕೊಂಡರು. ರಾಜಕೀಯಕ್ಕಾಗಿ ಮಾಡಿದ್ದರಿಂದ ಅದನ್ನು ಕಡಲ್ಗಳ್ಳತನ ಅನ್ನಬಹುದೇ ಅನ್ನುವುದೇ ವಾದ. ಒಳಗೆ ಸಿಕ್ಕಿದವನಿಗೆ ಈ ವಾದದಿಂದ ಏನೂ ಆಗಬೇಕಾಗಿಲ್ಲ, ಬಿಡಿ. ಸೊಮಾಲಿಯಾದಲ್ಲಿ ಮಾತ್ರ ಭದ್ರತಾ ಮಂಡಳಿ 2008ರಲ್ಲಿ 1816ನೆಯ ನಿರ್ಣಯ ಮಾಡಿ, ಅಲ್ಲಿನ ಸರ್ಕಾರದ ಒಪ್ಪಿಗೆಯ ಮೇಲೆ, ಅದರ ನೀರಿನೊಳಗೂ ಬೆನ್ನಟ್ಟಬಹುದು ಅಂದಿತು. 2022ರ ಮಾರ್ಚಿನಲ್ಲಿ ಆ ಅನುಮತಿಯ ಅವಧಿ ಮುಗಿಯಿತು.

ಹಿಡಿಯಬಹುದು ಅಂದಿತೇ ಹೊರತು, ಹಿಡಿದು ವಿಚಾರಿಸಲೇಬೇಕು ಅನ್ನಲಿಲ್ಲ. ಯಾರಿಗೆ ಬೇಕು ಈ ತಲೆನೋವು? ಸಾಕ್ಷಿಗಳು ಐದು ದೇಶದ ನಾವಿಕರು, ಮೊಕದ್ದಮೆ ಆರನೆಯ ದೇಶದಲ್ಲಿ, ಆರೋಪಿಯ ವಯಸ್ಸೇ ಗೊತ್ತಿಲ್ಲ. ಹಿಡಿದ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಾಗೇ ಬಿಟ್ಟುಬಿಡುತ್ತಿದ್ದಾರೆ ಅಂತ ವಿಶ್ವಸಂಸ್ಥೆಗಾಗಿ ಜ್ಯಾಕ್ ಲಾಂಗ್ 2011ರಲ್ಲಿ ಕೊಟ್ಟ ವರದಿ ಹೇಳಿತು. 2010ರ ಮೇ ತಿಂಗಳಲ್ಲಿ ರಷ್ಯಾದವರು 'ಮಾಸ್ಕೋ ಯೂನಿವರ್ಸಿಟಿ' ಟ್ಯಾಂಕರ್ ಬಿಡಿಸಿ, ಹತ್ತು ಕಳ್ಳರನ್ನು ದಿಕ್ಕು ತೋರಿಸುವ ಸಾಧನ ಇಲ್ಲದ ದೋಣಿಯಲ್ಲಿ ನಡುಗಡಲಲ್ಲಿ ಬಿಟ್ಟರು. ಅವರು ತೀರ ಮುಟ್ಟಿರಲಾರರು ಅಂತ ರಷ್ಯಾವೇ ಹೇಳಿತು. ವಿಚಾರಣೆಗೆ ಜಾಗ ಇಲ್ಲದಿದ್ದರೆ ನಡೆಯುವುದು ಇದೇ.

ಕೀನ್ಯಾ ಸ್ವಲ್ಪ ಕಾಲ ಆ ಜಾಗ ಕೊಟ್ಟಿತು. ಆಮೇಲೆ ಸೆಶೆಲ್ಸ್ ಕೊಟ್ಟಿತು. 2010ರಲ್ಲಿ ಕೀನ್ಯಾದ ಒಬ್ಬ ನ್ಯಾಯಾಧೀಶರು ನಮ್ಮ ನೀರಿನಾಚೆ ಆದದ್ದು ನಮಗೆ ಸಂಬಂಧವಿಲ್ಲ ಅಂದುಬಿಟ್ಟರು. ಅದನ್ನು ಸರಿಪಡಿಸಲು ಮೇಲಿನ ಕೋರ್ಟಿಗೆ 2012ರ ತನಕ ಹಿಡಿಯಿತು.

ನಮ್ಮ ಕಥೆಯೂ ಅಂಥದ್ದೇ. 1999ರಲ್ಲಿ ಜಪಾನಿನ 'ಅಲೊಂಡ್ರಾ ರೇನ್‌ಬೋ' ಹಡಗನ್ನು ಕದ್ದು ಓಡುತ್ತಿದ್ದ ಇಂಡೋನೇಷ್ಯಾದವರನ್ನು ಭಾರತದ ನೌಕಾಪಡೆ, ಕೋಸ್ಟ್ ಗಾರ್ಡ್ ಸೇರಿ ಅಟ್ಟಿಸಿಕೊಂಡು ಹೋಗಿ ಹಿಡಿದವು. ಜಗತ್ತೇ ಶಹಬಾಸ್ ಅಂದಿತು. 2003ರಲ್ಲಿ ಮುಂಬೈಯಲ್ಲಿ ಶಿಕ್ಷೆಯಾಯಿತು. 2005ರಲ್ಲಿ ಹೈಕೋರ್ಟಿನಲ್ಲಿ ಬಿಡುಗಡೆಯಾಯಿತು. ನಮ್ಮ ದಂಡಸಂಹಿತೆಯಲ್ಲಿ ಕಡಲ್ಗಳ್ಳತನ ಅನ್ನುವ ಅಪರಾಧವೇ ಇರಲಿಲ್ಲ. ಕೈಯಲ್ಲಿ ಕಳ್ಳ ಇದ್ದ, ಪುಸ್ತಕದಲ್ಲಿ ಕಳ್ಳತನ ಇರಲಿಲ್ಲ.

2011ರಲ್ಲಿ ನೌಕಾಪಡೆ ನಾಲ್ಕು ತಾಯಿ ಹಡಗುಗಳನ್ನು ಹಿಡಿದು 120 ಸೊಮಾಲಿಗಳನ್ನು ಮುಂಬೈಗೆ ತಂದಿತು. ಕೊಲೆ ಯತ್ನ, ಆಯುಧ ಕಾಯ್ದೆ ಅಂತ ಹತ್ತಿರದ ಕಲಂಗಳನ್ನು ಜೋಡಿಸಿ ಕೇಸು ಹಾಕಬೇಕಾಯಿತು. ಶಿಕ್ಷೆ ಬರುವಾಗ 2017. ಏಳು ವರ್ಷದ ಶಿಕ್ಷೆ, ಆರು ವರ್ಷ ಆಗಲೇ ಒಳಗೆ ಕಳೆದಾಗಿತ್ತು.

ಅಂತೂ 2022ರ ಡಿಸೆಂಬರಿನಲ್ಲಿ ಸಂಸತ್ತು ಕಡಲ್ಗಳ್ಳತನ ತಡೆ ಕಾಯ್ದೆ ಮಾಡಿತು. ಜೀವಾವಧಿ ಶಿಕ್ಷೆ, ಜೀವ ತೆಗೆದರೆ ಮರಣದಂಡನೆಯವರೆಗೆ. ಪ್ರಯತ್ನಕ್ಕೆ 10 ವರ್ಷದವರೆಗೆ. ಕಳ್ಳತನವನ್ನು ಏರ್ಪಡಿಸಿದವನಿಗೆ, ಬೇರೆಯವರಿಂದ ಮಾಡಿಸಿದವನಿಗೆ 14 ವರ್ಷದವರೆಗೆ. 'ರುಯೆನ್'ನ 35 ಮಂದಿಯನ್ನು ಮುಂಬೈ ಪೊಲೀಸರಿಗೆ ಒಪ್ಪಿಸಿದ್ದು ಈ ಕಾಯ್ದೆ ಇದ್ದ ಬಲದ ಮೇಲೆ. ಮರಣದಂಡನೆ ಬೇಕಿತ್ತೇ ಅನ್ನುವುದು ನನ್ನ ಅನುಮಾನ. ಹೇಗೂ ಗಲ್ಲು ಅಂತ ಗೊತ್ತಾದವನು ಒತ್ತೆಯಾಳನ್ನು ಬಿಡಲು ಯಾಕೆ ಮನಸ್ಸು ಮಾಡುತ್ತಾನೆ?

ಕಾನೂನು ನಿಧಾನ. ಆದರೆ ಮೇಲಿನವನನ್ನು ಮುಟ್ಟುವುದು ಅದೊಂದೇ. ಕಾವಲುಗಾರನ ಗುಂಡು ತಾಗುವುದು ದೋಣಿಯಲ್ಲಿರುವ ಹುಡುಗನಿಗೆ. ಹಣ ಹಾಕಿದ ದೊಡ್ಡವನು ಮನೆಯಲ್ಲಿ ಎಲೆ ಜಗಿಯುತ್ತಾ ಕೂತಿರುತ್ತಾನೆ. ಸೊಮಾಲಿ ಕಳ್ಳರ ದೊಡ್ಡ ಧಣಿ 'ಅಫ್ವೇನೆ' ಮೊಹಮದ್ ಅಬ್ದಿ ಹಸನ್‌ನನ್ನು ಬೆಲ್ಜಿಯಂ ಪೊಲೀಸರು ಹಿಡಿದ ಬಗೆ ಕೇಳಿ. ನಿನ್ನ ಜೀವನದ ಬಗ್ಗೆ ಸಿನಿಮಾ ಮಾಡುತ್ತೇವೆ, ಸಲಹೆಗಾರನಾಗಿ ಬಾ ಅಂದರು. 2013ರ ಅಕ್ಟೋಬರಿನಲ್ಲಿ ವಿಮಾನ ಇಳಿದ ಕೂಡಲೇ ಕೈಕೋಳ. 2016ರಲ್ಲಿ 20 ವರ್ಷ ಶಿಕ್ಷೆ. ಯಾವ ಯುದ್ಧನೌಕೆಗೂ ಸಿಗದವನು ಹೊಗಳಿಕೆಗೆ ಸಿಕ್ಕಿಬಿದ್ದ.

ಒಂದು ಕೈ ಮಾಡಿದ್ದಕ್ಕೆ ಇನ್ನೊಂದು ಕೈಗೆ ಬರೆ

ಈ ಮೂರನ್ನೂ ಅಂಗಡಿಯ ಸಾಮಾನಿನ ಹಾಗೆ ಒಂದೊಂದಾಗಿ ಆರಿಸಲು ಬರುವುದಿಲ್ಲ. 'ಆಸ್ಫಾಲ್ಟ್ ವೆಂಚರ್' ಹಡಗು ನೋಡಿದರೆ ಗೊತ್ತಾಗುತ್ತದೆ. 2010ರ ಸೆಪ್ಟೆಂಬರಿನಲ್ಲಿ ಅಪಹರಣ, ಒಳಗಿದ್ದ 15 ಮಂದಿಯೂ ಭಾರತೀಯರು. 2011ರ ಏಪ್ರಿಲಿನಲ್ಲಿ ಒತ್ತೆಹಣ ಕೊಟ್ಟಾಯಿತು. ಹಡಗು ಬಿಟ್ಟರು, 8 ಜನರನ್ನು ಬಿಟ್ಟರು. 7 ಜನರನ್ನು ಇಟ್ಟುಕೊಂಡರು. ನಿಮ್ಮ ನೌಕಾಪಡೆ ಹಿಡಿದಿಟ್ಟ ನಮ್ಮವರನ್ನು ಬಿಡಿ, ಆಮೇಲೆ ಇವರು ಅಂದರು. ಆ ಏಳು ಜನ ಮನೆಗೆ ಬರುವಾಗ 2014ರ ಅಕ್ಟೋಬರ್ ಮುಗಿಯುತ್ತಿತ್ತು.

ನೌಕಾಪಡೆ ಮಾಡಿದ್ದು ಸರಿ. ನ್ಯಾಯಾಲಯಕ್ಕೆ ತಂದದ್ದೂ ಸರಿ. ಆದರೆ ಅದರ ಬೆಲೆಯನ್ನು ಮೂರೂವರೆ ವರ್ಷ ತೆತ್ತವರು ಬೇರೆ ಏಳು ಮಂದಿ.

ಅಂತರರಾಷ್ಟ್ರೀಯ ಮ್ಯಾರಿಟೈಮ್ ಬ್ಯೂರೊ ಲೆಕ್ಕದಲ್ಲಿ ಸೊಮಾಲಿ ಕಳ್ಳರ ದಾಳಿಗಳು 2011ರಲ್ಲಿ 237. 2012ರಲ್ಲಿ 75. 2013ರಲ್ಲಿ 15. ನೌಕಾಪಡೆಯವರು 'ನಮ್ಮಿಂದ' ಅಂದರು, ಕಾವಲು ಕಂಪನಿಗಳು 'ನಮ್ಮಿಂದ' ಅಂದವು, ವಕೀಲರೂ ಅಂದರು. ನನ್ನ ಓದಿನ ಪ್ರಕಾರ ಇಷ್ಟು ಬೇಗ ಇಳಿಸಿದ್ದು ಮುಳ್ಳುತಂತಿ ಮತ್ತು ಬಂದೂಕು. ಏಡನ್ ಓಣಿ ತೆರೆದಿಟ್ಟದ್ದು ನೌಕಾಪಡೆ. ಹತ್ತು ವರ್ಷ ಏಳದಂತೆ ಇಟ್ಟದ್ದು ಜೈಲು ಮತ್ತು ದಡದ ಮೇಲೆ ಆದ ಒಂದಿಷ್ಟು ಬದಲಾವಣೆ. ದಡ ಬದಲಾಗದಿದ್ದರೆ ದೋಣಿ ಮತ್ತೆ ಇಳಿಯುತ್ತದೆ ಅನ್ನುವುದನ್ನು 'ರುಯೆನ್' ತೋರಿಸಿತು.

ಕಡಲು ಬದಲಾದರೆ ಆಯ್ಕೆಯೂ ಬದಲಾಗುತ್ತದೆ. ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ ಕಳ್ಳರಿಗೆ ಹಡಗು ಬೇಡ, ಮನುಷ್ಯರು ಬೇಕು. 2020ರಲ್ಲಿ ಜಗತ್ತಿನಾದ್ಯಂತ ಹಡಗಿನಿಂದ ಎತ್ತಿಕೊಂಡು ಹೋದ 135 ಜನರಲ್ಲಿ 130 ಮಂದಿಯನ್ನು ಒಯ್ದದ್ದು ಅಲ್ಲೇ. 2019ರ ಡಿಸೆಂಬರಿನಲ್ಲಿ ನೈಜೀರಿಯಾದ ಆಚೆ 'ನೇವ್ ಕಾನ್‌ಸ್ಟೆಲೇಷನ್' ಟ್ಯಾಂಕರ್‌ನಿಂದ 18 ಭಾರತೀಯರನ್ನು ಒಯ್ದರು, ಒಬ್ಬರು ಅಲ್ಲೇ ತೀರಿಕೊಂಡರು. ನೈಜೀರಿಯಾ ತನ್ನ ನೀರಿನಲ್ಲಿ ಖಾಸಗಿ ಬಂದೂಕನ್ನು ಒಪ್ಪುವುದಿಲ್ಲ. ಹಾಗಾಗಿ ಅಲ್ಲಿ ಸ್ಥಳೀಯ ನೌಕಾಪಡೆಯ ಕಾವಲು ದೋಣಿ, ಭದ್ರ ಕೋಣೆ, ರಾತ್ರಿ ತೀರದ ಹತ್ತಿರ ಸುಮ್ಮನೆ ನಿಲ್ಲದಿರುವುದು, ಇಷ್ಟೇ. 2019ರಲ್ಲಿ ಅವರೂ ಹೊಸ ಕಾನೂನು ಮಾಡಿದರು, ಮರುವರ್ಷವೇ ಶಿಕ್ಷೆ ಕೊಟ್ಟರು. ಸಿಂಗಾಪುರದ ಕಡೆ ಹೆಚ್ಚಾಗಿ ಕತ್ತಲಲ್ಲಿ ಹತ್ತಿ ಎಂಜಿನ್ ಬಿಡಿಭಾಗ ಕದಿಯುವವರು. ಅಲ್ಲಿಗೆ ಬಂದೂಕು ಅತಿಯಾಯಿತು. ಕಣ್ಣು ಮತ್ತು ಲೈಟು ಸಾಕು.

ಸೈನ್ ಆನ್ ಮಾಡುವ ಮೊದಲು

ಅಷ್ಟೆಲ್ಲಾ ಓದಿ ಕೊನೆಗೆ ಮನೆಯವರು ಕೇಳುವುದು 'ಈಗ ಏನು ನೋಡಬೇಕು?' ಅಂತ.

ಏಜೆಂಟ್‌ಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸಲು ಸರ್ಕಾರ ಕೊಡುವ ಲೈಸೆನ್ಸ್, ಇದೆಯೇ ಅಂತ ಡಿಜಿ ಶಿಪ್ಪಿಂಗ್ (ಕೇಂದ್ರದ ಹಡಗು ಇಲಾಖೆ) ವೆಬ್‌ಸೈಟಿನಲ್ಲಿ ನೋಡಿ. ಇಲ್ಲದಿದ್ದರೆ ಉಳಿದ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ, ಎದ್ದು ಬನ್ನಿ. ಹಡಗು ಯಾವ ಬಗೆಯದು, ಯಾವ ದಾರಿ, ತುಂಬಿದಾಗ ಎಷ್ಟು ವೇಗ ಕೇಳಿ. ಸೊಮಾಲಿಯಾ ಆಚೆಯ ದಾರಿ, ನಿಧಾನದ ಹಡಗು ಅಂದರೆ ಕಾವಲು ತಂಡ ಇರುತ್ತದೆಯೇ ಅಂತ ನೇರವಾಗಿ ಕೇಳಿ. ಯೂನಿಯನ್ ಒಪ್ಪಂದ ಇರುವ ಹಡಗಾದರೆ, ಯುದ್ಧದಂಥ ಅಪಾಯ ಅಂತ ಗುರುತು ಮಾಡಿದ ವಲಯಕ್ಕೆ 'ನಾನು ಬರುವುದಿಲ್ಲ' ಅನ್ನುವ ಹಕ್ಕು ಸಿಬ್ಬಂದಿಗೆ ಇರುತ್ತದೆ. ಕಂಪನಿಯ ಖರ್ಚಿನಲ್ಲೇ ಊರಿಗೆ ಕಳಿಸಬೇಕು. ಅದು ಒಪ್ಪಂದದಲ್ಲಿ ಬರೆದಿದೆಯೇ ನೋಡಿ.

ಹಡಗು ಹತ್ತಿದ ಮೇಲೆ ಮೊದಲ ದಿನವೇ ಭದ್ರ ಕೋಣೆ ಎಲ್ಲಿದೆ ಅಂತ ಕೇಳಿ ನೋಡಿಕೊಂಡು ಬರಬೇಕು. ಬಾಗಿಲು ಒಳಗಿನಿಂದ ಹಾಕಿಕೊಳ್ಳುತ್ತದೆಯೇ, ಫೋನ್ ಕೆಲಸ ಮಾಡುತ್ತದೆಯೇ. ನನಗೆ ಗೊತ್ತಿರುವ ಒಬ್ಬ ಹುಡುಗ ಹೋದ ಹಡಗಿನಲ್ಲಿ ಆ ಕೋಣೆ ತುಂಬ ಹಳೆಯ ಬಣ್ಣದ ಡಬ್ಬಿ, ಹಗ್ಗ ತುಂಬಿದ್ದರಂತೆ. ಡ್ರಿಲ್ ದಿನ ಮಾತ್ರ ಖಾಲಿ ಮಾಡುತ್ತಿದ್ದರಂತೆ.

ಇನ್ನು ಸಂಬಳ. ಮೊದಲೆಲ್ಲ ಒತ್ತೆಯಲ್ಲಿದ್ದಾಗ ಒಪ್ಪಂದದ ಅವಧಿ ಮುಗಿಯಿತು ಅಂತ ಸಂಬಳ ನಿಲ್ಲಿಸಿದ ಮಾಲೀಕರಿದ್ದರು. ನಾವಿಕರ ಕಾರ್ಮಿಕ ಒಪ್ಪಂದ, ಅಂದರೆ ಎಂಎಲ್‌ಸಿಗೆ 2018ರಲ್ಲಿ ಮಾಡಿದ ತಿದ್ದುಪಡಿ 2020ರ ಡಿಸೆಂಬರ್ 26ರಿಂದ ಜಾರಿಯಲ್ಲಿದೆ. ಕಡಲ್ಗಳ್ಳರ ವಶದಲ್ಲಿರುವಷ್ಟು ದಿನವೂ ಕೆಲಸದ ಒಪ್ಪಂದ ಮುಂದುವರಿಯುತ್ತದೆ, ಸಂಬಳ ಬರುತ್ತಲೇ ಇರಬೇಕು, ಮನೆಗೆ ಕಳಿಸುವ ಪಾಲೂ ನಿಲ್ಲಬಾರದು. ಅದಕ್ಕಾಗಿ ಮನೆಗೆ ಹಣ ಹೋಗುವ ಖಾತೆ ಯಾರ ಹೆಸರಿನಲ್ಲಿದೆ, ಏನಾದರೂ ಆದರೆ ಕಂಪನಿಯವರು ಮೊದಲ ಫೋನ್ ಯಾರಿಗೆ ಮಾಡಬೇಕು, ಈ ಎರಡನ್ನು ಹೋಗುವ ಮೊದಲೇ ಬರೆಸಿ, ಒಂದು ಪ್ರತಿ ಅಮ್ಮನ ಕೈಗೆ ಕೊಟ್ಟು ಹೊರಡಿ.